ಅಡೆಲ್ಫಿಯಾ ಕೇಬಲ್ ಕಂಪನಿ ಮುರಿದುಬಿದ್ದದ್ದು ಸಾಲದಿಂದಲೋ, ಸಾಲವನ್ನು ಮುಚ್ಚಿಟ್ಟದ್ದರಿಂದಲೋ?

ಪ್ರಶ್ನೆ: ಸಕಲೇಶಪುರ ಕಡೆಯವನು

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಒಂದು ಹೋಬಳಿಯಲ್ಲಿ ನಮ್ಮ ಮನೆಯವರು 1994ರಿಂದ ಕೇಬಲ್ ನಡೆಸಿಕೊಂಡು ಬಂದಿದ್ದಾರೆ. ನಮ್ಮ ತಂದೆಯವರೂ ಚಿಕ್ಕಪ್ಪನವರೂ ಸೇರಿ ಮನೆಯ ಹಿಂದಿನ ದಿಣ್ಣೆಯ ಮೇಲೆ ಡಿಶ್ ನಿಲ್ಲಿಸಿ, ತೋಟದ ಸಿಲ್ವರ್ ಓಕ್ ಮರದಿಂದ ಮರಕ್ಕೆ ತಂತಿ ಎಳೆದು ಶುರು ಮಾಡಿದ ಕಸುಬು ಇದು. ಮುಂಗಾರಿನಲ್ಲಿ ಸಿಡಿಲು ಬಡಿದು ಆಂಪ್ಲಿಫೈಯರ್ ಸುಟ್ಟರೆ, ಜಿಗಣೆಗೆ ಸುಣ್ಣ ಹಚ್ಚಿಕೊಂಡು ರಾತ್ರಿಯೇ ತೋಟದೊಳಗೆ ಇಳಿಯುತ್ತಿದ್ದ ತಂದೆಯವರನ್ನು ನೋಡುತ್ತಲೇ ನಾನು ಬೆಳೆದೆ. ಈಗ ಸುಮಾರು ಆರುನೂರು ಸಂಪರ್ಕಗಳು ಉಳಿದಿವೆ.

ಅಕ್ಕಪಕ್ಕದ ಇಬ್ಬರು ಆಪರೇಟರುಗಳ ಜಾಲವನ್ನು ಕೊಂಡು, ಫೈಬರ್ ಹಾಕಿ, ಇಂಟರ್ನೆಟ್ ಕೂಡ ಕೊಡಬೇಕೆಂಬುದು ಚಿಕ್ಕಪ್ಪನವರ ಯೋಜನೆ. ಇದಕ್ಕಾಗಿ ಅವರು, ಅವರ ಸ್ನೇಹಿತರಾದ ಇನ್ನೊಬ್ಬ ಆಪರೇಟರು ಮತ್ತು ನಾನು ಸೇರಿ ಜಂಟಿಯಾಗಿ ಬ್ಯಾಂಕ್ ಸಾಲ ತೆಗೆಯುವ ಮಾತು ನಡೆದಿದೆ. ಸಹ ಸಾಲಗಾರನಾಗಿ ನಾನು ಸಹಿ ಹಾಕಬೇಕಾಗಿದೆ. ಕಾಗದಪತ್ರಗಳನ್ನು ಓದಿಕೊಳ್ಳುವಾಗ, ಇದೇ ಬಗೆಯ ಸಾಲದ ಸಂಬಂಧವಾಗಿ ಅಮೆರಿಕದ ಅಡೆಲ್ಫಿಯಾ ಎಂಬ ಬೃಹತ್ ಕೇಬಲ್ ಕಂಪನಿ 2002ರಲ್ಲಿ ಕುಸಿಯಿತೆಂಬ ವಿಷಯ ನನ್ನ ಕಣ್ಣಿಗೆ ಬಿತ್ತು. ಅದನ್ನು ಕಟ್ಟಿದವರೂ ಗುಡ್ಡಗಾಡಿನ ಸಣ್ಣ ಊರಿನವರು, ಅಣ್ಣತಮ್ಮಂದಿರು ಎಂದು ಓದಿದ ಮೇಲೆ ಮನಸ್ಸಿಗೆ ಬಹಳ ಹತ್ತಿರವೆನಿಸಿತು.

ತಿಂಗಳಿಗೊಮ್ಮೆ ತಪ್ಪದೆ ದುಡ್ಡು ಕಟ್ಟುವ ಐವತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ ಕಂಪನಿ ಮುಳುಗಿದ್ದು ಹೇಗೆ? ಅದು ಅತಿಯಾದ ಸಾಲದಿಂದ ಆದದ್ದೋ, ಮೋಸದಿಂದ ಆದದ್ದೋ? ಆಮೇಲೆ ಆ ತಂತಿಗಳ, ಆ ಗ್ರಾಹಕರ ಗತಿ ಏನಾಯಿತು? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿಸುತ್ತೇನೆ.

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ಚಿಕ್ಕಮಗಳೂರು

ನಾನು ಮೂವತ್ತೊಂದು ವರ್ಷ ಸಾಲದ ವಿಭಾಗದಲ್ಲೇ ಕೆಲಸ ಮಾಡಿದವನು. ಆದ್ದರಿಂದ ಸಹ ಸಾಲದ ಭಾಗವನ್ನು ಮೊದಲು ಹೇಳುತ್ತೇನೆ. ನಿಮ್ಮ ಸಹಿಯ ಪ್ರಶ್ನೆ ನಿಂತಿರುವುದೂ ಅದರ ಮೇಲೆಯೇ.

ನಮ್ಮ ಕಡೆ ಇಬ್ಬರು ಅಣ್ಣತಮ್ಮಂದಿರು ತೋಟದ ಮೇಲೆ ಜಂಟಿಯಾಗಿ ಇಪ್ಪತ್ತು ಲಕ್ಷದ ಮಿತಿ ಮಾಡಿಸಿಕೊಂಡರೆಂದು ಇಟ್ಟುಕೊಳ್ಳಿ. ಅಣ್ಣ ಐದು ಲಕ್ಷ ತೆಗೆದ, ತಮ್ಮ ಹದಿನೈದು ಲಕ್ಷ ತೆಗೆದ. ತನ್ನ ಸಾಲ ಐದೇ ಲಕ್ಷವೆಂದು ಅಣ್ಣ ಮನೆಯ ಪುಸ್ತಕದಲ್ಲಿ ಬರೆದುಕೊಳ್ಳಬಹುದು, ಆದರೆ ಬ್ಯಾಂಕಿನ ದೃಷ್ಟಿಯಲ್ಲಿ ಹಾಗಿಲ್ಲ. ಸಾಲಪತ್ರದಲ್ಲಿ "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು" ಎಂಬ ಮಾತು ಇರುವವರೆಗೆ, ತಮ್ಮ ಕೈ ಎತ್ತಿದ ದಿನ ಇಪ್ಪತ್ತು ಲಕ್ಷವನ್ನೂ ಬಡ್ಡಿಸಮೇತ ಅಣ್ಣನಿಂದಲೇ ವಸೂಲು ಮಾಡುವ ಅಧಿಕಾರ ಬ್ಯಾಂಕಿಗೆ ಇರುತ್ತದೆ.

ಅಡೆಲ್ಫಿಯಾದಲ್ಲಿ ನಡೆದದ್ದು ಇದೇ. ಕಂಪನಿಯ ಅಂಗಸಂಸ್ಥೆಗಳೂ, ಸ್ಥಾಪಕರಾದ ರಿಗಾಸ್ ಕುಟುಂಬದ ಖಾಸಗಿ ಸಂಸ್ಥೆಗಳೂ ಸೇರಿ ಬ್ಯಾಂಕುಗಳಿಂದ ಭಾರೀ ಮೊತ್ತದ ಜಂಟಿ ಸಾಲದ ಮಿತಿಗಳನ್ನು ಪಡೆದಿದ್ದವು. ಕುಟುಂಬದ ಸಂಸ್ಥೆಗಳು ಎಳೆದುಕೊಂಡ ಹಣಕ್ಕೂ ಕಂಪನಿಯೇ ಪೂರ್ಣ ಹೊಣೆಗಾರನಾಗಿದ್ದರೂ, ಆ ಮೊತ್ತ ಕಂಪನಿಯ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಕಾಣಿಸುತ್ತಿರಲಿಲ್ಲ. 2002ರ ಮಾರ್ಚ್ 27ರಂದು ತ್ರೈಮಾಸಿಕ ಫಲಿತಾಂಶ ಪ್ರಕಟಿಸಿದಾಗ, ಕೊನೆಯಲ್ಲಿದ್ದ ಒಂದು ಅಡಿಟಿಪ್ಪಣಿಯಲ್ಲಿ ಈ ಬಾಬ್ತು ಸುಮಾರು 230 ಕೋಟಿ ಡಾಲರ್ ಎಂಬುದು ಮೊದಲ ಬಾರಿಗೆ ಹೊರಬಿತ್ತು. ಅದೇ ದಿನ ದೂರವಾಣಿ ಸಭೆಯಲ್ಲಿ ವಿಶ್ಲೇಷಕರು ಹಣ ಎಲ್ಲಿಗೆ ಹೋಯಿತೆಂದು ಕೇಳಿದರು. ಹಣಕಾಸು ಮುಖ್ಯಸ್ಥರಾಗಿದ್ದ ತಿಮೊತಿ ರಿಗಾಸ್ ಅವರು ಸ್ಥಾಪಕ ಜಾನ್ ರಿಗಾಸ್ ಅವರ ಮಗ. ಅವರಿಂದ ಸಮಾಧಾನಕರ ಉತ್ತರ ಬರಲಿಲ್ಲ. ಇಪ್ಪತ್ತು ಡಾಲರ್ ಆಸುಪಾಸಿನಲ್ಲಿದ್ದ ಷೇರು ಜೂನ್ ವೇಳೆಗೆ ಒಂದು ಡಾಲರಿಗಿಂತ ಕೆಳಗಿಳಿಯಿತು, ನಾಸ್ಡಾಕ್ ಷೇರುಪೇಟೆ ಅದನ್ನು ಪಟ್ಟಿಯಿಂದಲೇ ತೆಗೆಯಿತು.

ಕುಟುಂಬ ಆ ಹಣವನ್ನು ಎಲ್ಲಿ ಹಾಕಿತು ಎಂಬುದು ಇನ್ನೂ ಮುಖ್ಯ. ದೊಡ್ಡ ಪಾಲು ಹೋದದ್ದು ಅಡೆಲ್ಫಿಯಾದ್ದೇ ಷೇರು ಮತ್ತು ಸಾಲಪತ್ರಗಳನ್ನು ಕೊಳ್ಳುವುದಕ್ಕೆ. ಕಂಪನಿ ಬೆಳೆಯಲು ಹೊಸ ಷೇರುಗಳನ್ನು ಹೊರಡಿಸಿದಂತೆಲ್ಲ ಕುಟುಂಬದ ಹಿಡಿತ ಸಡಿಲವಾಗುತ್ತದೆ, ಹಿಡಿತ ಉಳಿಸಿಕೊಳ್ಳಲು ಅವರೂ ಷೇರು ಕೊಳ್ಳಬೇಕಾಗುತ್ತದೆ. ಕೈಯಲ್ಲಿ ಅಷ್ಟು ಹಣವಿರಲಿಲ್ಲವಾದ್ದರಿಂದ ಜಂಟಿ ಸಾಲದಿಂದ ಎಳೆದರು. ಕುಟುಂಬ ಹೊಸ ಬಂಡವಾಳ ತಂದಿದೆ, ಅದರಿಂದ ಸಾಲ ಕಡಿಮೆಯಾಗಿದೆ ಎಂದು ಹೂಡಿಕೆದಾರರಿಗೆ ತಿಳಿಸಲಾಯಿತು. ವಾಸ್ತವದಲ್ಲಿ ಸಾಲ ತೀರಿರಲಿಲ್ಲ, ಕಾಣುವ ಪುಟದಿಂದ ಕಾಣದ ಪುಟಕ್ಕೆ ಸರಿದಿತ್ತು, ಅಷ್ಟೇ. ಷೇರಿನ ಬೆಲೆ ಇಳಿಯತೊಡಗಿದಾಗ, ಷೇರು ಒತ್ತೆಯಿಟ್ಟು ಪಡೆದಿದ್ದ ಬೇರೆ ಸಾಲಗಳಿಗೆ ದಲ್ಲಾಳಿ ಸಂಸ್ಥೆಗಳು ಹೆಚ್ಚುವರಿ ಹಣ ಕೇಳಿದವು. ಅದಕ್ಕೂ 25 ಕೋಟಿ ಡಾಲರಿಗಿಂತ ಹೆಚ್ಚು ಹಣ ಕಂಪನಿಯ ಕಡೆಯಿಂದಲೇ ಹೋಯಿತು.

ಸಾಲ ಕೊಟ್ಟ ಬ್ಯಾಂಕುಗಳ ಬಗ್ಗೆಯೂ ನನಗೆ ಸಿಟ್ಟಿದೆ. ಒಂದೇ ಕುಟುಂಬ ಎರಡೂ ಕಡೆ ಕುಳಿತು ಸಹಿ ಹಾಕುವಾಗ, ಹಣದ ಬಳಕೆಯನ್ನು ಕೇಳಿ ತಿಳಿಯುವುದು ಸಾಲ ಕೊಡುವವರ ಕರ್ತವ್ಯ. ಇಪ್ಪತ್ತು ಸಾವಿರದ ಬೆಳೆಸಾಲಕ್ಕೂ ಪಹಣಿ ಕೇಳಿ, ಜಮೀನಿಗೆ ಹೋಗಿ ನೋಡಿ ಬರುತ್ತಿದ್ದ ನಮಗೆ ಇದು ಅರ್ಥವಾಗದ ನಡವಳಿಕೆ.

ಉತ್ತರ 2: ವಾಣಿಜ್ಯ ಉಪನ್ಯಾಸಕಿ, ಹಾಸನ

ಹಿರಿಯರು ಬರೆದದ್ದು ಸರಿಯಾಗಿದೆ. ಆದರೆ ಮೋಸವೊಂದೇ ಕಾರಣವೆಂದು ನಿಲ್ಲಿಸಿದರೆ ನಿಮ್ಮ ಪ್ರಶ್ನೆಯ ಮೊದಲ ಅರ್ಧ ಹಾಗೇ ಉಳಿಯುತ್ತದೆ. ಮೋಸ ಮಾಡಲೇಬೇಕೆನ್ನುವ ಇಕ್ಕಟ್ಟಿಗೆ ಅವರು ಬಂದದ್ದು ಹೇಗೆಂದು ತಿಳಿಯಲು ಆರಂಭದಿಂದ ನೋಡಬೇಕು.

ಗ್ರೀಕ್ ವಲಸಿಗರ ಮಗನಾದ ಜಾನ್ ರಿಗಾಸ್ ಅವರು ಪೆನ್ಸಿಲ್ವೇನಿಯಾದ ಕೌಡರ್ಸ್‌ಪೋರ್ಟ್ ಎಂಬ ಊರಿನಲ್ಲಿ ಒಂದು ಚಿತ್ರಮಂದಿರವನ್ನು ಕೊಂಡು, 1952ರಲ್ಲಿ ಅದೇ ಊರಿಗೆ ಕೇಬಲ್ ಕೊಡುವ ಹಕ್ಕನ್ನು ಪಡೆದರು. ಅದಕ್ಕೆ ಅವರು ಕೊಟ್ಟದ್ದು 300 ಡಾಲರ್ ಎಂಬುದು ಎಲ್ಲೆಡೆ ಹೇಳುವ ಮಾತು. ಸುತ್ತ ಬೆಟ್ಟಗಳಿದ್ದುದರಿಂದ ನಗರಗಳ ಟಿ.ವಿ. ತರಂಗ ಆ ಕಣಿವೆಗೆ ಇಳಿಯುತ್ತಿರಲಿಲ್ಲ. ಎತ್ತರದಲ್ಲಿ ಆಂಟೆನಾ ನಿಲ್ಲಿಸಿ ಅಲ್ಲಿಂದ ಮನೆಮನೆಗೆ ತಂತಿ ಎಳೆಯುವುದು ಅಮೆರಿಕದಲ್ಲಿ ಕೇಬಲ್ ಹುಟ್ಟಿದ ರೀತಿಯೇ ಆಗಿದೆ. ನಿಮ್ಮ ತಂದೆಯವರು ಮಾಡಿದ ಕೆಲಸಕ್ಕೂ ಅದಕ್ಕೂ ವ್ಯತ್ಯಾಸ ಒಂದೇ. ನೀವು ಹಿಡಿದದ್ದು ಉಪಗ್ರಹದ ಸಂಕೇತ. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲೇ ಇದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಜಾನ್ ಮತ್ತು ಅವರ ಸಹೋದರ ಗಸ್ ಜೊತೆಗೂಡಿ ಬೆಳೆಸಿದ ವ್ಯವಹಾರಕ್ಕೆ 1972ರಲ್ಲಿ ಅಡೆಲ್ಫಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸಹೋದರರು ಎಂಬರ್ಥದ ಮಾತಿನಿಂದ ಬಂದ ಹೆಸರು ಅದು. 1986ರಲ್ಲಿ ಕಂಪನಿ ಸಾರ್ವಜನಿಕ ಷೇರು ಹೊರಡಿಸಿತು. ಆದರೆ ಷೇರುಗಳಲ್ಲಿ ಎರಡು ವರ್ಗ ಮಾಡಿ, ಕುಟುಂಬದ ಕೈಯಲ್ಲಿದ್ದ ವರ್ಗಕ್ಕೆ ಷೇರೊಂದಕ್ಕೆ ಹತ್ತು ಮತಗಳನ್ನು ಇಟ್ಟುಕೊಂಡಿತು. ಹಣ ಊರಿನವರದು, ತೀರ್ಮಾನ ಮನೆಯವರದು. ನನ್ನ ಅಭಿಪ್ರಾಯದಲ್ಲಿ ಬಿರುಕು ಬಿಟ್ಟದ್ದು 2002ರಲ್ಲಲ್ಲ, ಇಲ್ಲಿ.

ಕೇಬಲ್ ವ್ಯವಹಾರದಲ್ಲಿ ಆದಾಯ ತಿಂಗಳು ತಿಂಗಳು ಬರುತ್ತದೆ ನಿಜ. ಆದರೆ ಖರ್ಚು ಮೊದಲೇ, ಒಟ್ಟಿಗೇ ಬೀಳುತ್ತದೆ. ತಂತಿ, ಆಂಪ್ಲಿಫೈಯರ್, ಕಂಬದ ಬಾಡಿಗೆ, ಮನೆಯೊಳಗಿನ ಪೆಟ್ಟಿಗೆ ಇವೆಲ್ಲಕ್ಕೂ ಸಾಲ ಮಾಡಿ ಹಣ ಹಾಕಿ, ಹತ್ತು ಹದಿನೈದು ವರ್ಷ ಗ್ರಾಹಕರಿಂದ ವಸೂಲು ಮಾಡಬೇಕು. ಅಷ್ಟರಲ್ಲಿ ತಂತ್ರಜ್ಞಾನ ಬದಲಾಗಿ ಮತ್ತೆ ಹೂಡಬೇಕಾಗುತ್ತದೆ. 1990ರ ದಶಕದ ಕೊನೆಯಲ್ಲಿ ಡಿಜಿಟಲ್ ವಾಹಿನಿಗಳು ಮತ್ತು ಇಂಟರ್ನೆಟ್‌ಗಾಗಿ ಇಡೀ ಜಾಲವನ್ನು ಮರುಕಟ್ಟುವ ಒತ್ತಡ ಎಲ್ಲ ಕೇಬಲ್ ಕಂಪನಿಗಳ ಮೇಲೂ ಇತ್ತು. ಅದೇ ಹೊತ್ತಿನಲ್ಲಿ, 1999ರಲ್ಲಿ, ಅಡೆಲ್ಫಿಯಾ 520 ಕೋಟಿ ಡಾಲರಿಗೆ ಸೆಂಚುರಿ ಕಮ್ಯುನಿಕೇಷನ್ಸ್ ಕಂಪನಿಯನ್ನೂ, ಜೊತೆಗೆ ಫ್ರಾಂಟಿಯರ್‌ವಿಷನ್ ಮತ್ತು ಹ್ಯಾರನ್ ಎಂಬ ಇನ್ನೆರಡು ಕಂಪನಿಗಳನ್ನೂ ಕೊಂಡಿತು. ಗ್ರಾಹಕರ ಸಂಖ್ಯೆ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ದ್ವಿಗುಣವಾಗಿ, ಅಡೆಲ್ಫಿಯಾ ದೇಶದ ಆರನೆಯ ದೊಡ್ಡ ಕೇಬಲ್ ಕಂಪನಿಯಾಯಿತು. ಅದರೊಂದಿಗೆ ಸಾಲವೂ ಬೆಟ್ಟವಾಯಿತು. 2002ರ ಜೂನ್ 25ರಂದು ದಿವಾಳಿ ಕಾಯ್ದೆಯ 11ನೇ ಅಧ್ಯಾಯದಡಿ ನ್ಯಾಯಾಲಯದ ಮೊರೆಹೋದಾಗ ತೋರಿಸಿದ ಸಾಲ 1,800 ಕೋಟಿ ಡಾಲರಿಗೂ ಮೀರಿತ್ತು.

ಬಡ್ಡಿ ಕಟ್ಟಲು ಸಾಲುವಷ್ಟು ಗಳಿಕೆ ಇದೆಯೆಂದು ಪ್ರತಿ ಮೂರು ತಿಂಗಳಿಗೊಮ್ಮೆ ತೋರಿಸದೆ ಹೋದರೆ ಬ್ಯಾಂಕಿನ ಷರತ್ತು ಮುರಿಯುತ್ತದೆ. ಅಂಕಿಗಳನ್ನು ತಿದ್ದುವ ಕೆಲಸ ಶುರುವಾದದ್ದು ಇಲ್ಲಿಂದ. ಅಮೆರಿಕದ ಷೇರು ನಿಯಂತ್ರಣ ಆಯೋಗ ಹೂಡಿದ ಮೊಕದ್ದಮೆಗಳಲ್ಲಿ ವಿವರಗಳಿವೆ. ಗ್ರಾಹಕರ ಸಂಖ್ಯೆ ಇಳಿಯದಂತೆ ಕಾಣಲು ಬ್ರೆಜಿಲ್ ಮತ್ತು ವೆನೆಜುವೆಲಾ ದೇಶಗಳಲ್ಲಿದ್ದ ಸಂಪರ್ಕಗಳನ್ನೂ, ಆಮೇಲೆ ಇಂಟರ್ನೆಟ್ ಗ್ರಾಹಕರನ್ನೂ, ಮನೆಗಳ ಕಳ್ಳತನ ಎಚ್ಚರಿಕೆ ಸೇವೆಯ ಗ್ರಾಹಕರನ್ನೂ ಕೇಬಲ್ ಗ್ರಾಹಕರ ಲೆಕ್ಕಕ್ಕೆ ಸೇರಿಸಿದರು.

ಇನ್ನೊಂದನ್ನು ನೀವು ಚೆನ್ನಾಗಿ ಬಲ್ಲಿರಿ, ಏಕೆಂದರೆ ನೀವೂ ಸೆಟ್ ಟಾಪ್ ಬಾಕ್ಸ್ ಕೊಳ್ಳುವವರು. ಪೆಟ್ಟಿಗೆ ತಯಾರಕರಿಗೆ ಪ್ರತಿ ಪೆಟ್ಟಿಗೆಗೆ 26 ಡಾಲರ್ ಹೆಚ್ಚು ಕೊಟ್ಟು, ಅದೇ 26 ಡಾಲರನ್ನು ಪ್ರಚಾರದ ನೆರವು ಎಂಬ ಹೆಸರಿನಲ್ಲಿ ವಾಪಸು ಪಡೆದರು. ಹಣ ಹೋಗಿ ಬಂದದ್ದರಿಂದ ತಿಜೋರಿಗೆ ಒಂದು ಕಾಸೂ ಸೇರಲಿಲ್ಲ. ಆದರೆ ಪೆಟ್ಟಿಗೆಯ ಬೆಲೆ ಆಸ್ತಿಯಾದ್ದರಿಂದ ಆ ಹೆಚ್ಚಿನ ಖರ್ಚು ವರ್ಷಗಟ್ಟಲೆ ಸವಕಳಿಯಾಗಿ ಹಂಚಿಹೋಗುತ್ತದೆ, ವಾಪಸು ಬಂದ ನೆರವು ಮಾತ್ರ ಅದೇ ತ್ರೈಮಾಸಿಕದ ಪ್ರಚಾರದ ಖರ್ಚನ್ನು ತಗ್ಗಿಸಿ ಗಳಿಕೆಯನ್ನು ಏರಿಸುತ್ತದೆ. ತರಗತಿಯಲ್ಲಿ ಬಂಡವಾಳ ವೆಚ್ಚಕ್ಕೂ ಕಂದಾಯ ವೆಚ್ಚಕ್ಕೂ ಇರುವ ಭೇದವನ್ನು ಕಲಿಸುವಾಗ ನಾನು ಈ ಉದಾಹರಣೆಯನ್ನು ಬೋರ್ಡಿನ ಮೇಲೆ ಬರೆದೇ ತೋರಿಸುತ್ತೇನೆ. ಲೆಕ್ಕಪರಿಶೋಧಕರಾಗಿದ್ದ ಡೆಲಾಯ್ಟ್ ಸಂಸ್ಥೆ 2005ರಲ್ಲಿ 5 ಕೋಟಿ ಡಾಲರ್ ಕೊಟ್ಟು ಆಯೋಗದೊಂದಿಗೆ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು.

ಹಾಗಾಗಿ ಸಾಲವೋ ಮೋಸವೋ ಎಂದರೆ, ಸಾಲ ಕಾರಣ, ಮೋಸ ಅದರ ಮುಂದುವರಿಕೆ ಎಂಬುದು ನನ್ನ ನಿಲುವು.

ಉತ್ತರ 3: ಮೂಡಿಗೆರೆಯವನು, ಹಿಂದೆ ಬಫಲೋ ನಿವಾಸಿ

ಮೇಡಂ ಅವರ ಕೊನೆಯ ವಾಕ್ಯವನ್ನು ನಾನು ಪೂರ್ತಿ ಒಪ್ಪಲಾರೆ. ಅದೇ ವರ್ಷಗಳಲ್ಲಿ ಅಷ್ಟೇ ಭಾರದ ಸಾಲ ಹೊತ್ತ ಇತರ ಕೇಬಲ್ ಕಂಪನಿಗಳೂ ಇದ್ದವು. ಅವುಗಳ ಮಾಲೀಕರೆಲ್ಲ ಕಂಪನಿಯ ಹಣದಿಂದ ಮನೆ ನಡೆಸಲಿಲ್ಲ. ಇಲ್ಲಿ ಕುಟುಂಬದ ಸಂಸ್ಥೆಗಳ ಹಣವೂ ಕಂಪನಿಯ ಹಣವೂ ಒಂದೇ ಖಾತೆಯಲ್ಲಿ ಬೆರೆಯುತ್ತಿತ್ತು. ಯಾರದ್ದು ಎಷ್ಟೆಂದು ಬಿಡಿಸಿ ಹೇಳುವುದೇ ಕಷ್ಟವಾಗಿತ್ತು. ಕುಟುಂಬದ ಜಾಗದಲ್ಲಿ ಗಾಲ್ಫ್ ಮೈದಾನ ಕಟ್ಟಲು ಕಂಪನಿಯ 1.2 ಕೋಟಿಗೂ ಹೆಚ್ಚು ಡಾಲರ್ ಹೋಯಿತು. ತಂದೆ ಹಣ ಎಳೆಯುವ ವೇಗಕ್ಕೆ ಗಾಬರಿಯಾಗಿ, ಮಗ ತಿಮೊತಿಯವರೇ ತಿಂಗಳಿಗೆ 10 ಲಕ್ಷ ಡಾಲರ್ ಎಂದು ಮಿತಿ ಹಾಕಿದರೆಂದು ಆರೋಪಪಟ್ಟಿ ಹೇಳುತ್ತದೆ. ಹಣಕಾಸು ವಿಭಾಗದ ಉಪಾಧ್ಯಕ್ಷರಾಗಿದ್ದ ಜೇಮ್ಸ್ ಬ್ರೌನ್ ತಪ್ಪೊಪ್ಪಿಕೊಂಡು ಸಾಕ್ಷಿ ನುಡಿದರು.

ಉದ್ಯೋಗದ ನಿಮಿತ್ತ ನಾನು 2001ರಿಂದ ಕೆಲವು ವರ್ಷ ಬಫಲೋ ನಗರದಲ್ಲಿದ್ದೆ. ನಮ್ಮ ಮನೆಗೆ ಬರುತ್ತಿದ್ದದ್ದು ಅಡೆಲ್ಫಿಯಾ ಕೇಬಲ್. ಆ ನಗರದ ಐಸ್ ಹಾಕಿ ತಂಡವಾದ ಬಫಲೋ ಸೇಬರ್ಸ್ ಕೂಡ ರಿಗಾಸ್ ಕುಟುಂಬದ ಹತೋಟಿಯಲ್ಲೇ ಇತ್ತು. ಹೀಗಾಗಿ ಸುದ್ದಿ ಹೊರಬಿದ್ದಾಗ ಜನ ಟಿ.ವಿ.ಗಿಂತ ಹೆಚ್ಚಾಗಿ ತಂಡದ ಬಗ್ಗೆ ಕಳವಳಪಟ್ಟರು. 2002ರ ಜುಲೈ 24ರ ಬೆಳಗ್ಗೆ, ಆಗಲೇ 77 ವರ್ಷ ದಾಟಿದ್ದ ಜಾನ್ ರಿಗಾಸ್ ಅವರನ್ನು ನ್ಯೂಯಾರ್ಕಿನಲ್ಲಿ ಕೈಕೋಳ ಹಾಕಿ ಕರೆದೊಯ್ಯುವ ದೃಶ್ಯವನ್ನು ನಾನು ನೋಡಿದ್ದು ಅವರದೇ ತಂತಿಯ ಮೂಲಕ. ನನ್ನ ಪಕ್ಕದ ಮನೆಯ ಹಿರಿಯರೊಬ್ಬರು ನಿವೃತ್ತಿಯ ಉಳಿತಾಯದಲ್ಲಿ ಒಂದಷ್ಟನ್ನು ಆ ಷೇರಿಗೆ ಹಾಕಿದ್ದರು. ಊರಿನ ಕಂಪನಿ, ಪರಿಚಯದ ಜನ ಎಂಬ ನಂಬಿಕೆಯಿಂದ ಹಾಕಿದ್ದೆ ಎಂದು ಅವರು ಬಾಗಿಲ ಬಳಿ ನಿಂತು ಹೇಳಿದ್ದು ಇನ್ನೂ ನೆನಪಿದೆ. ಸಾಮಾನ್ಯ ಷೇರುದಾರರ ಷೇರುಗಳು ಕೊನೆಗೆ ರದ್ದಾದವು.

ಗ್ರಾಹಕರ ವಿಷಯಕ್ಕೆ ಬಂದರೆ, ನಾಲ್ಕು ವರ್ಷದ ದಿವಾಳಿ ಪ್ರಕ್ರಿಯೆಯಲ್ಲಿ ನಮ್ಮ ಮನೆಯ ಟಿ.ವಿ. ನಿಲ್ಲಲಿಲ್ಲ. ಕುಟುಂಬದವರು 2002ರ ಮೇ ತಿಂಗಳಲ್ಲೇ ಹೊರಹೋಗಿ, ಬೇರೆ ಆಡಳಿತ ಬಂದು, ಮುಖ್ಯ ಕಚೇರಿ ಕೌಡರ್ಸ್‌ಪೋರ್ಟಿನಿಂದ ಡೆನ್ವರ್ ಬಳಿಗೆ ಹೋಯಿತು. ಮೂರು ಸಾವಿರ ಜನರೂ ಇಲ್ಲದ ಊರಿನಿಂದ ಅಂಥ ಕಚೇರಿ ಎದ್ದುಹೋದರೆ ಅಂಗಡಿ, ಬಾಡಿಗೆ ಮನೆ, ಶಾಲೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಊರಿನ ಎಷ್ಟೋ ಜನ ಕೊನೆಯವರೆಗೂ ಜಾನ್ ಅವರನ್ನು ಪ್ರೀತಿಸಿದರು, ಏಕೆಂದರೆ ಅವರು ಊರಿಗೆ ಕೆಲಸ ಕೊಟ್ಟಿದ್ದರು, ಕಷ್ಟದಲ್ಲಿದ್ದವರಿಗೆ ನೆರವಾಗಿದ್ದರು. ಅದು ನಿಜವಾದ ಪ್ರೀತಿ ಎಂದೇ ನಾನು ನಂಬುತ್ತೇನೆ. ಆದರೆ ಆ ಔದಾರ್ಯದ ಹಣದಲ್ಲಿ ನನ್ನ ನೆರೆಯವರಂಥ ಷೇರುದಾರರ ಪಾಲೂ ಇತ್ತು.

ಕಂಪನಿಯನ್ನು ಕೊನೆಗೆ ಟೈಮ್ ವಾರ್ನರ್ ಕೇಬಲ್ ಮತ್ತು ಕಾಮ್‌ಕಾಸ್ಟ್ ಹಂಚಿಕೊಂಡವು. 2005ರ ಏಪ್ರಿಲ್‌ನಲ್ಲಿ ಸುಮಾರು 1,760 ಕೋಟಿ ಡಾಲರಿಗೆ ಒಪ್ಪಂದವಾಯಿತು. ಅದರಲ್ಲಿ 1,270 ಕೋಟಿಯಷ್ಟು ನಗದು, ಉಳಿದದ್ದು ಟೈಮ್ ವಾರ್ನರ್ ಕೇಬಲ್‌ನ ಷೇರು. 2006ರ ಜುಲೈ 31ಕ್ಕೆ ಹಸ್ತಾಂತರ ಮುಗಿಯಿತು. ಆಗ ಉಳಿದಿದ್ದ ಗ್ರಾಹಕರು ಸುಮಾರು ಐವತ್ತು ಲಕ್ಷವಾದ್ದರಿಂದ, ಒಂದು ಸಂಪರ್ಕಕ್ಕೆ ಸುಮಾರು 3,500 ಡಾಲರ್, ಅಂದಿನ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿ ಬಂದಂತಾಯಿತು. ಬಫಲೋ ಟೈಮ್ ವಾರ್ನರ್ ಪಾಲಿಗೆ ಹೋಯಿತು, ಬಿಲ್ಲಿನ ಮೇಲಿನ ಹೆಸರು ಬದಲಾಯಿತು. ಕಂಬದ ಮೇಲಿನ ತಂತಿ ಅದೇ, ರಿಪೇರಿಗೆ ಬರುತ್ತಿದ್ದ ಹುಡುಗನೂ ಅವನೇ. ಅಷ್ಟು ಬೆಲೆ ಬಾಳುವ ಜಾಲವನ್ನು ಕಟ್ಟಿದವರು ಅದನ್ನು ಉಳಿಸಿಕೊಳ್ಳಲಾಗದೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಶಿಕ್ಷೆಯ ವಿಚಾರವನ್ನೂ ಬರೆದುಬಿಡುತ್ತೇನೆ. 2004ರ ಜುಲೈನಲ್ಲಿ ಜಾನ್ ಮತ್ತು ತಿಮೊತಿ ಅಪರಾಧಿಗಳೆಂದು ತೀರ್ಪಾಯಿತು, 2005ರ ಜೂನ್‌ನಲ್ಲಿ ತಂದೆಗೆ 15 ವರ್ಷ, ಮಗನಿಗೆ 20 ವರ್ಷ ಸೆರೆ ವಿಧಿಸಲಾಯಿತು. 2008ರಲ್ಲಿ ಅದು 12 ಮತ್ತು 17 ವರ್ಷಕ್ಕೆ ಇಳಿಯಿತು. ಕುಟುಂಬ ಇತ್ಯರ್ಥದ ಭಾಗವಾಗಿ ತನ್ನ ಬಹುಪಾಲು ಆಸ್ತಿಯನ್ನು ಬಿಟ್ಟುಕೊಟ್ಟಿತು, ಹೂಡಿಕೆದಾರರ ಪರಿಹಾರ ನಿಧಿಗೆಂದು 71.5 ಕೋಟಿ ಡಾಲರ್ ಗೊತ್ತಾಯಿತು. ತೀವ್ರ ಅನಾರೋಗ್ಯದ ಕಾರಣ 2016ರಲ್ಲಿ ಜಾನ್ ಅವರ ಬಿಡುಗಡೆಯಾಯಿತು. ಅವರು ತೀರಿಕೊಂಡದ್ದು 2021ರಲ್ಲಿ, 96ನೇ ವಯಸ್ಸಿನಲ್ಲಿ.

ಪ್ರಶ್ನೆ ಕೇಳಿದವನಿಂದ: ಸಕಲೇಶಪುರ ಕಡೆಯವನು

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಎಲ್ಲ ಉತ್ತರಗಳನ್ನೂ ಚಿಕ್ಕಪ್ಪನವರಿಗೆ ಓದಿ ಹೇಳಿದೆ. ಪೆಟ್ಟಿಗೆಯ 26 ಡಾಲರಿನ ಲೆಕ್ಕವನ್ನು ಅವರು ಎರಡು ಬಾರಿ ಓದಿಸಿಕೊಂಡರು. ಆಮೇಲೆ ನಮ್ಮ ವಸೂಲಿ ಪುಸ್ತಕ ತೆಗೆದು ನೋಡಿದೆವು. ತೋಟದ ಗೊಬ್ಬರ, ತಂಗಿಯ ಕಾಲೇಜಿನ ಶುಲ್ಕ, ಕೇಬಲ್ ಹುಡುಗರ ಸಂಬಳ ಎಲ್ಲವೂ ಒಂದೇ ಪುಟದಲ್ಲಿವೆ. ಇದು ನಮ್ಮ ತಂದೆಯವರ ಕಾಲದಿಂದ ಬಂದ ಪದ್ಧತಿ, ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೆ ಮೂರನೆಯವರೊಬ್ಬರು ಸಾಲಕ್ಕೆ ಸೇರಿಕೊಳ್ಳುವಾಗ ಹೀಗೇ ಮುಂದುವರಿಯಲಾಗದೆಂದು ಚಿಕ್ಕಪ್ಪನವರೇ ಹೇಳಿದರು.

ಬ್ಯಾಂಕ್ ಸರ್ ಅವರಲ್ಲಿ ಒಂದು ವಿನಂತಿ. ಸಹಿ ಹಾಕುವ ಮುನ್ನ ನಾನು ಏನೇನು ಬರೆಸಿಕೊಳ್ಳಬೇಕು?

ಉತ್ತರ 1ರವರಿಂದ: ನಿವೃತ್ತ ಬ್ಯಾಂಕ್ ಅಧಿಕಾರಿ, ಚಿಕ್ಕಮಗಳೂರು

ಸಾಧ್ಯವಾದರೆ ಜಂಟಿ ಸಾಲವೇ ಬೇಡ. ಮೂವರೂ ಸೇರಿ ಪಾಲುದಾರಿಕೆ ಸಂಸ್ಥೆ ನೋಂದಾಯಿಸಿದರೂ ಹೊಣೆ ತಪ್ಪುವುದಿಲ್ಲ, ಪಾಲುದಾರರ ಸ್ವಂತ ಆಸ್ತಿಗೂ ಅದು ಬರುತ್ತದೆ. ಆದ್ದರಿಂದ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಅದರ ಹೆಸರಿನಲ್ಲೇ ಸಾಲ ಕೇಳಿ. ಬ್ಯಾಂಕಿನವರು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳಿಯೇ ಕೇಳುತ್ತಾರೆ, ಅದರಲ್ಲಿ ನಿಮ್ಮ ಹೊಣೆಗೆ ಇಂತಿಷ್ಟೇ ಎಂದು ಮೊತ್ತದ ಮಿತಿ ಬರೆಸಿ. ಒಪ್ಪದಿದ್ದರೆ ಇನ್ನೊಂದು ಬ್ಯಾಂಕಿಗೆ ಹೋಗಿ. ಜಂಟಿ ಸಾಲವೇ ಅನಿವಾರ್ಯವಾದರೆ, ಹಣ ಬಿಡುಗಡೆಗೆ ಮೂವರ ಸಹಿಯೂ ಬೇಕೆಂಬ ಷರತ್ತನ್ನು ಮಂಜೂರಾತಿ ಪತ್ರದಲ್ಲೇ ಸೇರಿಸಿ, ಕೊಳ್ಳುವ ಜಾಲದ ಹಣ ನೇರವಾಗಿ ಮಾರುವವರ ಖಾತೆಗೆ ಹೋಗಲಿ. ಪ್ರತಿ ತಿಂಗಳ ಖಾತೆಯ ವಿವರ ನಿಮ್ಮ ವಿಳಾಸಕ್ಕೂ ಬರುವಂತೆ ಅರ್ಜಿ ಕೊಡಿ.

ಮಂಜೂರಾತಿ ಪತ್ರ ಕೈಗೆ ಬಂದಾಗ ಕೊನೆಯ ಪುಟದಿಂದ ಓದಲು ಆರಂಭಿಸಿ. ಸಣ್ಣ ಅಕ್ಷರದ ಷರತ್ತುಗಳೆಲ್ಲ ಅಲ್ಲೇ ಇರುತ್ತವೆ. ಚಿಕ್ಕಮಗಳೂರಿಗೆ ಬರುವುದಾದರೆ ಪತ್ರವನ್ನು ಜೊತೆಗೆ ತನ್ನಿ, ಒಟ್ಟಿಗೆ ಕುಳಿತು ಓದೋಣ.